ಗಾಳಿಗೆ ಗಡಿಯಿಲ್ಲ, ರೇಡಿಯೋಗೆ ಊರುಂಟು



ಈ ಸಲದ ಮಾತು ಒಂದು ಪುಟ್ಟ ರೇಡಿಯೋದಿಂದ ಶುರುವಾಗಲಿ. 2006ರ ಸುಮಾರು. ನ್ಯೂಜೆರ್ಸಿಯಿಂದ ರಜೆಗೆ ಬಂದಿದ್ದ ನಮ್ಮ ಅಣ್ಣನ ಮಗ ತನ್ನ ಮುತ್ಯಾನಿಗೆಂದು ಒಂದು ಡಿಜಿಟಲ್ ರೇಡಿಯೋ ತಂದಿದ್ದ. ಅಂಗೈ ಅಗಲದ್ದು, ಬೆಳ್ಳಿ ಬಣ್ಣದ್ದು, ಗುಂಡಿ ಒತ್ತಿದರೆ ಹಸಿರು ಬೆಳಕಿನಲ್ಲಿ ಅಂಕಿ ಮೂಡುವಂಥದ್ದು. ನಮ್ಮ ಅಪ್ಪಾಜಿ ಸೇಡಂ ಕಡೆಯವರು, ರೇಡಿಯೋ ಅಂದರೆ ಪ್ರಾಣ. ಬರ್ಕತ್‌ಪುರದ ಮನೆಯ ಪಡಸಾಲೆಯಲ್ಲಿ ಕೂತು ಹೈದರಾಬಾದ್ ನಿಲಯದ 738 ಕಿಲೋಹರ್ಟ್ಸ್ ಹುಡುಕತೊಡಗಿದರು. ಗುಂಡಿ ಒತ್ತಿದರೆ 730 ಬಂತು. ಇನ್ನೊಮ್ಮೆ ಒತ್ತಿದರೆ 740. ನಡುವೆ ಏನೂ ಇಲ್ಲ. 740ರಲ್ಲಿ ದನಿ ಬಂದರೂ ನೆಗಡಿಯಾದವರು ಮಾತಾಡಿದಂತೆ ಗೊರಗೊರ. ರಾತ್ರಿ ಗುಲ್ಬರ್ಗದ 1107 ಹಿಡಿಯಲು ಹೋದರೆ 1110ಕ್ಕೆ ಹಾರಿತು. ಬೆಂಗಳೂರಿನ 612 ಬೇಕೆಂದರೆ 610ರಲ್ಲಿ ನಿಂತಿತು.

"ಚಲೋ ರೇಡಿಯೋ ತಂದಿಯಪಾ! ಹೈದ್ರಾಬಾದ್‌ದಾಗ ಕುಂತು ಹೈದ್ರಾಬಾದೇ ಕೇಳಸವಲ್ದು" ಎಂದರು ಅಪ್ಪಾಜಿ. ಹುಡುಗನ ಮುಖ ಸಪ್ಪಗಾಯಿತು.

ರೇಡಿಯೋ ಕೆಟ್ಟಿರಲಿಲ್ಲ ಮಿತ್ರರೇ. ಅದು ತಾನು ಹುಟ್ಟಿದ ದೇಶದ ಕಾನೂನನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ವಿಮಾನ ಹತ್ತಿತ್ತು, ಅಷ್ಟೆ.

ಒಂಬತ್ತರ ಮಗ್ಗಿ, ಹತ್ತರ ಮಗ್ಗಿ

738ನ್ನು 9ರಿಂದ ಭಾಗಿಸಿ ನೋಡಿ, ಸರಿಯಾಗಿ 82 ಬರುತ್ತದೆ. 612ನ್ನು ಭಾಗಿಸಿದರೆ 68, ಧಾರವಾಡದ 765ಕ್ಕೆ 85, ಗುಲ್ಬರ್ಗದ 1107ಕ್ಕೆ 123. ನಮ್ಮ ದೇಶದ ಮೀಡಿಯಂ ವೇವ್ ನಿಲಯಗಳೆಲ್ಲ ಒಂಬತ್ತರ ಮಗ್ಗಿಯಲ್ಲಿ ಕೂತಿವೆ. ಅಮೆರಿಕದ ನಿಲಯಗಳು ಹತ್ತರ ಮಗ್ಗಿಯಲ್ಲಿ ಕೂತಿವೆ.

ಇದು ಹೀಗಾಗಿದ್ದಕ್ಕೆ ಒಂದು ಕಥೆಯಿದೆ. ರೇಡಿಯೋ ಅಲೆಗೆ ಗಡಿಕಲ್ಲು ಕಾಣಿಸುವುದಿಲ್ಲ. ಒಂದೇ ಜಾಗದಲ್ಲಿ ಇಬ್ಬರು ಕೂಗಿದರೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಹಾಗಾಗಿ ದೇಶಗಳೆಲ್ಲ ಕೂತು ಜಾಗ ಹಂಚಿಕೊಳ್ಳುವ ಪದ್ಧತಿ 1906ರ ಬರ್ಲಿನ್ ಸಮ್ಮೇಳನದಿಂದಲೇ ಶುರುವಾಯಿತು. 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷವೇ, ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಸಮ್ಮೇಳನ ಭೂಮಿಯನ್ನು ಮೂರು ವಲಯ ಮಾಡಿತು. ಯುರೋಪು, ಆಫ್ರಿಕಾ ಒಂದನೆಯ ವಲಯ, ಎರಡೂ ಅಮೆರಿಕ ಖಂಡಗಳು ಎರಡನೆಯದು, ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗ ಮತ್ತು ಆಸ್ಟ್ರೇಲಿಯಾ ಕಡೆಯ ನಾಡುಗಳು ಮೂರನೆಯದು. 1975ರಲ್ಲಿ ಜಿನೀವಾದಲ್ಲಿ ಒಂದು ಮತ್ತು ಮೂರನೆಯ ವಲಯದವರು ಕೂಡಿ, ನಿಲಯಗಳ ನಡುವೆ 9 ಕಿಲೋಹರ್ಟ್ಸ್ ಅಂತರ ಸಾಕೆಂದು ಒಪ್ಪಿದರು. 1978ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. ಅಮೆರಿಕ ಖಂಡದವರು ಯೋಚಿಸಿ ನೋಡಿ ಹತ್ತರಲ್ಲೇ ಉಳಿದರು.

ಎಫ್‌ಎಂನಲ್ಲೂ ಇದೇ ಪಾಡು. ಅಮೆರಿಕದ ಎಫ್‌ಎಂ ನಿಲಯಗಳ ಅಂಕಿ ಬೆಸದಲ್ಲಿ ಮುಗಿಯುತ್ತದೆ: 101.7, 101.9, 102.1 ಹೀಗೆ. ಆ ಹೆಜ್ಜೆಯಲ್ಲೇ ನಡೆಯುವ ರೇಡಿಯೋ ನಮ್ಮ ಊರಿನ 101.9ರ ರೇನ್‌ಬೋ ಹಿಡಿಯುತ್ತದೆ, 102.8ರ ವಿವಿಧ ಭಾರತಿಯನ್ನು ಹಾರಿಸಿಬಿಡುತ್ತದೆ. ಜಪಾನಿನ ಎಫ್‌ಎಂ 76ರಿಂದ ಶುರುವಾಗಿ ಬಹುಕಾಲ 90ಕ್ಕೇ ಮುಗಿಯುತ್ತಿತ್ತು. ಅಲ್ಲಿಗೆಂದೇ ಮಾಡಿದ ಹಳೆಯ ಕಾರಿನ ರೇಡಿಯೋದಲ್ಲಿ ಹೈದರಾಬಾದಿನ ಈ ಎರಡು ನಿಲಯಗಳೂ ಸಿಗುವುದಿಲ್ಲ.

ಕೆರೆಯ ಈಚೆ ನಿಜಾಮ, ಆಚೆ ಬ್ರಿಟಿಷರು

ಬೇರೆ ದೇಶದ ಕಾನೂನು, ಬೇರೆ ದೇಶದ ರೇಡಿಯೋ ಎಂದರೆ ಇದೆಲ್ಲ ವಿಮಾನಯಾನದ ಕಾಲದ ತೊಂದರೆ ಅನ್ನಿಸಬಹುದು. ನಮ್ಮ ಹೈದರಾಬಾದಿಗೆ ಅದು ಮನೆಯಂಗಳದ ವಿಷಯವಾಗಿತ್ತು.

ಬ್ರಿಟಿಷ್ ಇಂಡಿಯಾದಲ್ಲಿ 1885ರ ಟೆಲಿಗ್ರಾಫ್ ಕಾಯ್ದೆ ಇತ್ತು. ಅದರ ಬೆನ್ನಿಗೆ 1933ರಲ್ಲಿ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂತು. ಪರವಾನಗಿ ಇಲ್ಲದೆ ವೈರ್‌ಲೆಸ್ ಯಂತ್ರ ಇಟ್ಟುಕೊಳ್ಳುವುದೇ ಅಪರಾಧ ಎಂದು ಅದು ಹೇಳಿತು. ಬಳಸುವುದು ಹಾಗಿರಲಿ, ಸುಮ್ಮನೆ ಇಟ್ಟುಕೊಂಡರೂ ತಪ್ಪು! ಆದರೆ ಬ್ರಿಟಿಷ್ ಇಂಡಿಯಾದ ಕಾಯ್ದೆ ನಿಜಾಮರ ರಾಜ್ಯಕ್ಕೆ ತಾನಾಗಿ ಅನ್ವಯವಾಗುತ್ತಿರಲಿಲ್ಲ. ಹಾಲಿ ಸಿಕ್ಕಾ ಎಂಬ ಸ್ವಂತ ನಾಣ್ಯ, ಸ್ವಂತ ಅಂಚೆಚೀಟಿ, ಸ್ವಂತ ರೈಲು ಇದ್ದ ರಾಜ್ಯ ಅದು. ಅದರ ಜೊತೆಗೆ ಸ್ವಂತ ರೇಡಿಯೋ ಕೂಡ ಬಂತು. ಚಿರಾಗ್ ಅಲಿ ಗಲ್ಲಿಯಲ್ಲಿ 200 ವ್ಯಾಟ್‌ನ ಪುಟ್ಟ ಪ್ರೇಷಕದಿಂದ ಶುರುವಾದ ಡೆಕನ್ ರೇಡಿಯೋ ಬೇಗನೆ ರಾಜ್ಯ ಸರ್ಕಾರದ ನಿಲಯವಾಯಿತು. ಉರ್ದುವಿನಲ್ಲಿ ಅದನ್ನು 'ನಶ್ರಗಾಹ್-ಎ-ಲಾಸಿಲ್ಕಿ' ಎನ್ನುತ್ತಿದ್ದರು. 'ಲಾ' ಎಂದರೆ ಇಲ್ಲ, 'ಸಿಲ್ಕ್' ಎಂದರೆ ತಂತಿ. ನಮ್ಮ 'ನಿಸ್ತಂತು' ಪದದ ಖಾಸಾ ತಮ್ಮ! ದೆಹಲಿಯ ನಿಲಯ ಮಾತಾಡಲು ಶುರುಮಾಡಿದ್ದು 1936ರ ಜನವರಿ 1ರಂದು, 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಬಂದದ್ದು ಅದೇ ವರ್ಷದ ಜೂನ್‌ನಲ್ಲಿ. ನಮ್ಮೂರು ಅದಕ್ಕೂ ಮೊದಲೇ ಬಾಯಿ ತೆರೆದಿತ್ತು.

ಈಗ ನಕ್ಷೆ ನೋಡಿ. ಹುಸೇನ್ ಸಾಗರದ ಈಚೆ ನಿಜಾಮರ ಹೈದರಾಬಾದ್. ಆಚೆ ಸಿಕಂದರಾಬಾದ್ ದಂಡು, ಬ್ರಿಟಿಷರ ಆಡಳಿತ. ಟ್ಯಾಂಕ್‌ಬಂಡ್ ಮೇಲೆ ಜಟಕಾದಲ್ಲಿ ಹೋದರೆ ಅರ್ಧ ಗಂಟೆಯಲ್ಲಿ ಆಳುವವರು ಬದಲಾಗುತ್ತಿದ್ದರು. ರೇಡಿಯೋದ ಅಲೆ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಕೆರೆ ದಾಟಿ, ಕೇಳುವವನು ಯಾರ ಪ್ರಜೆ ಎಂದು ಕೇಳದೆ ಕಿವಿಗೆ ಬೀಳುತ್ತಿತ್ತು.

ಇದರಲ್ಲಿ ಕನ್ನಡದ ಪಾಲೂ ಇದೆ. ನಿಜಾಮರ ರಾಜ್ಯದ 16 ಜಿಲ್ಲೆಗಳಲ್ಲಿ ಗುಲ್ಬರ್ಗ, ರಾಯಚೂರು, ಬೀದರ್ ಮೂರು ಕನ್ನಡದವು. ಆಡಳಿತದ ಭಾಷೆ ಉರ್ದು. ಹೈದರಾಬಾದ್ ರೇಡಿಯೋದಲ್ಲೂ ಉರ್ದುವಿನದೇ ಸಿಂಹಪಾಲು. ಆದರೂ ತೆಲುಗು, ಮರಾಠಿಯ ಜೊತೆ ಕನ್ನಡಕ್ಕೂ ಒಂದಿಷ್ಟು ಹೊತ್ತು ಸಿಗುತ್ತಿತ್ತು. ಕಚೇರಿ, ಕೋರ್ಟು, ಶಾಲೆಗಳಲ್ಲಿ ತನ್ನ ನುಡಿ ಕೇಳದವನಿಗೆ ರಾಜಧಾನಿಯಿಂದ ಗಾಳಿಯಲ್ಲಿ ಕನ್ನಡ ಬರುವುದೆಂದರೆ ಸಣ್ಣ ಮಾತಲ್ಲ. ಇವತ್ತು ನಾವು ಹೈದರಾಬಾದಿನಲ್ಲಿ ಕನ್ನಡದ ವೇಳೆಗೆ ಕಾದು ಕೂರುತ್ತೇವಲ್ಲ, ಆ ಅಭ್ಯಾಸ ಆಗಿನಿಂದ ಬಂದದ್ದು.

1935ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಂಸ್ಥಾನದಲ್ಲಿ ಇನ್ನೊಂದು ದನಿ ಎದ್ದಿತು. ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ 'ವಿಠ್ಠಲ ವಿಹಾರ' ಮನೆಯಿಂದಲೇ ಪ್ರಸಾರ ಶುರುಮಾಡಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿ ಹುಟ್ಟಿ ಆಮೇಲೆ ಇಡೀ ದೇಶದ್ದಾಯಿತು. ಆಗ ಕನ್ನಡಿಗರು ಬ್ರಿಟಿಷ್ ಪ್ರಾಂತ್ಯಗಳಲ್ಲಿ, ಮೈಸೂರಿನಲ್ಲಿ, ನಿಜಾಮರ ಸೀಮೆಯಲ್ಲಿ ಹರಿದು ಹಂಚಿಹೋಗಿದ್ದರು. ಅವರ ರೇಡಿಯೋ ಕಾನೂನುಗಳೂ ಹಾಗೇ ಹಂಚಿಹೋಗಿದ್ದವು. ಆದರೆ ರಾತ್ರಿಯ ಹೊತ್ತು ಮೀಡಿಯಂ ವೇವ್ ದೂರ ಹೋಗುತ್ತದೆ. ಕಾಗದದ ಮೇಲಿನ ಕರ್ನಾಟಕ 1956ರಲ್ಲಿ ಒಂದಾಯಿತು, ಗಾಳಿಯಲ್ಲಿ ಅದು ಮೊದಲೇ ಒಂದಾಗತೊಡಗಿತ್ತು.

ಕಾಗದ ಇದ್ದವರು, ಇಲ್ಲದವರು

1939ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಇಂಡಿಯಾದ ಹವ್ಯಾಸಿ ರೇಡಿಯೋದವರ ಪರವಾನಗಿಗಳೆಲ್ಲ ರದ್ದಾದವು. ನಿನ್ನೆಯ ಹವ್ಯಾಸ ಇವತ್ತಿನ ಅಪರಾಧವಾಯಿತು. 1942ರ ಆಗಸ್ಟ್ 27ರಂದು ಮುಂಬೈಯಲ್ಲಿ ಉಷಾ ಮೆಹತಾ ಮತ್ತು ಗೆಳೆಯರು ಕದ್ದು ನಡೆಸಿದ ಕಾಂಗ್ರೆಸ್ ರೇಡಿಯೋ ಮಾತಾಡಿತು. ಪೊಲೀಸರು ಬೆನ್ನು ಹತ್ತಿದ್ದರಿಂದ ಅದು ಮನೆಯಿಂದ ಮನೆಗೆ ಓಡುತ್ತಿತ್ತು. ನವೆಂಬರ್ 12ರಂದು ಸಿಕ್ಕಿಬಿತ್ತು. ಉಷಾ ಮೆಹತಾ ಅವರಿಗೆ ನಾಲ್ಕು ವರ್ಷ ಸೆರೆಯಾಯಿತು. ಹೈದರಾಬಾದಿನಲ್ಲಿ ರಾಜನ ಒಪ್ಪಿಗೆಯಿಂದ ಮಾತಾಡಿದ ಯಂತ್ರಕ್ಕೆ ಗೌರವ, ಮುಂಬೈಯಲ್ಲಿ ಒಪ್ಪಿಗೆಯಿಲ್ಲದೆ ಮಾತಾಡಿದ ಯಂತ್ರಕ್ಕೆ ಸೆರೆಮನೆ. ಎರಡೂ ಯಂತ್ರಗಳ ಒಳಗೆ ಇದ್ದದ್ದು ಅದೇ ವಾಲ್ವು, ಅದೇ ಸುರುಳಿ.

1947ರ ಆಗಸ್ಟ್ ಕಳೆದ ಮೇಲೂ ಹೈದರಾಬಾದ್ ಭಾರತಕ್ಕೆ ಸೇರಲಿಲ್ಲ. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಯಿತು. ಮುಂದಿನ ಹತ್ತು ತಿಂಗಳು ಗಡಿಯ ಹಳ್ಳಿಗಳ ಗಾಳಿಯಲ್ಲಿ ಎರಡು ಸತ್ಯಗಳು ಹಾಯುತ್ತಿದ್ದವು, ಒಂದು ಆಲ್ ಇಂಡಿಯಾ ರೇಡಿಯೋದ್ದು, ಒಂದು ಹೈದರಾಬಾದ್ ರೇಡಿಯೋದ್ದು. ಯಾವುದನ್ನು ನಂಬಬೇಕೆಂದು ತಿಳಿಯದ ಜನ ಎರಡನ್ನೂ ಕೇಳುತ್ತಿದ್ದರೆಂದು ಅಪ್ಪಾಜಿ ಹೇಳುತ್ತಿದ್ದರು. ಪೊಲೀಸ್ ಕಾರ್ಯಾಚರಣೆ ನಡೆದು, 1948ರ ಸೆಪ್ಟೆಂಬರ್ 17ರಂದು ಶರಣಾಗತಿಯನ್ನು ನಿಜಾಮರು ಸಾರಿದ್ದೂ ಅದೇ ರೇಡಿಯೋದಲ್ಲಿ. 1950ರ ಏಪ್ರಿಲ್ 1ರಂದು ಹೈದರಾಬಾದ್, ಮೈಸೂರು ನಿಲಯಗಳು ಆಲ್ ಇಂಡಿಯಾ ರೇಡಿಯೋಗೆ ಸೇರಿದವು. ಹಲವು ರಾಜ್ಯಗಳ ಗಾಳಿ ಒಂದೇ ಕಾನೂನಿನ ಕೆಳಗೆ ಬಂತು. ಆದರೆ ಕಾನೂನು ಮಾತ್ರ ಹಳೆಯ 1885ರದು, 1933ರದು. ಅಪ್ಪಾಜಿ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ, ರೇಡಿಯೋ ಲೈಸೆನ್ಸಿನ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದದ್ದು ನನಗೇ ನೆನಪಿದೆ. 1980ರ ದಶಕದಲ್ಲಿ ಆ ಕಟ್ಟಳೆ ಹೋಯಿತು.

ಸೂಟ್‌ಕೇಸಿನಲ್ಲಿ ಬಂದ ಕಾನೂನು

1998ರಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಎದ್ದಿತು. ಹೈದರಾಬಾದಿನ ಮನೆಮನೆಯ ಮಕ್ಕಳು ಅಮೆರಿಕಕ್ಕೆ ಹೋಗಿ ಬರತೊಡಗಿದರು. ಸೂಟ್‌ಕೇಸಿನಲ್ಲಿ ಚಾಕಲೇಟು, ಸೆಂಟು, ಜೊತೆಗೆ ಒಂದು ಕಾರ್ಡ್‌ಲೆಸ್ ಫೋನು.

ಆ ಫೋನಿನ ಕಥೆ ಕೇಳಿ. ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್ ಜಾಗ ಲೈಸೆನ್ಸಿಲ್ಲದೆ ಬಳಸಲು ಬಿಟ್ಟದ್ದು. ಅಲ್ಲಿನ ಬಹಳಷ್ಟು ಕಾರ್ಡ್‌ಲೆಸ್ ಫೋನುಗಳು ಅಲ್ಲೇ ಮಾತಾಡುತ್ತಿದ್ದವು. ನಮ್ಮಲ್ಲಿ 890ರಿಂದ 915ರವರೆಗಿನ ಜಾಗ ಮೊಬೈಲ್ ಫೋನುಗಳದು. ನಿಮ್ಮ ಕೈಯ ಮೊಬೈಲು ಟವರಿಗೆ ಮಾತು ಕಳಿಸುವುದು ಆ ದಾರಿಯಲ್ಲಿ. ದೂರದ ಮೊಬೈಲಿನ ಪಿಸುಮಾತು ಕೇಳಲೆಂದು ಟವರು ಕಿವಿ ನಿಮಿರಿಸಿ ಕೂತಿರುತ್ತದೆ. ಅದರ ಮಗ್ಗುಲಿನ ಮನೆಯಲ್ಲಿ ಅಮೆರಿಕದ ಕಾರ್ಡ್‌ಲೆಸ್ ಆನ್ ಆದರೆ ಕಿವಿಯ ಹತ್ತಿರ ಡೋಲು ಬಾರಿಸಿದಂತೆ. ಅಜ್ಜಿ ಮೊಮ್ಮಗಳ ಹತ್ತಿರ ಸುಖದುಃಖ ಮಾತಾಡುತ್ತಿರುತ್ತಾಳೆ, ಬೀದಿಯವರ ಮೊಬೈಲು ಯಾಕೆ ಕಡಿಯುತ್ತಿದೆ ಎಂದು ಯಾರಿಗೂ ತಿಳಿಯದು. ಮುಂದೆ ಬಂದ ಅಮೆರಿಕದ ಕಾರ್ಡ್‌ಲೆಸ್‌ಗಳು 1920ರಿಂದ 1930 ಮೆಗಾಹರ್ಟ್ಸ್‌ಗೆ ಹೋದವು. ಇಲ್ಲಿ 3ಜಿ ಬಂದಾಗ ಮೊಬೈಲಿನ ದಾರಿ 1920ರಿಂದಲೇ ಶುರುವಾಯಿತು. ಜಗಳ ಅಲ್ಲಿಗೂ ಹೋಯಿತು.

ವೈ-ಫೈ ವಿಷಯದಲ್ಲಿ ದೇಶಗಳು ಸ್ವಲ್ಪ ಹೊಂದಿಕೊಂಡಿವೆ. ಅಟ್ಲಾಂಟಿಕ್ ಸಿಟಿಯ ಅದೇ 1947ರ ಸಮ್ಮೇಳನದಲ್ಲಿ ಕಾರ್ಖಾನೆ, ವಿಜ್ಞಾನ, ವೈದ್ಯಕೀಯದ ಯಂತ್ರಗಳಿಗೆಂದು 2.4 ಗಿಗಾಹರ್ಟ್ಸ್ ಹತ್ತಿರದ ಒಂದು ಜಾಗ ಬಿಟ್ಟಿದ್ದರು. ಅಡುಗೆಮನೆಯ ಮೈಕ್ರೋವೇವ್ ಒಲೆ ಉರಿಯುವುದು ಅಲ್ಲೇ. 1985ರಲ್ಲಿ ಅಮೆರಿಕ ಆ ಜಾಗದಲ್ಲಿ ಲೈಸೆನ್ಸಿಲ್ಲದ ಸಂಪರ್ಕಕ್ಕೆ ಅವಕಾಶ ಕೊಟ್ಟಿತು. 1997ರಲ್ಲಿ ಅದಕ್ಕೊಂದು ಮಾನಕ ಬಂತು, 1999ರಲ್ಲಿ ವೈ-ಫೈ ಎಂಬ ಹೆಸರು ಬಂತು. ಭಾರತ 2005ರ ಜನವರಿಯಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಬೇಡವೆಂದಿತು. 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸ್‌ನಲ್ಲಿ 605 ಮೆಗಾಹರ್ಟ್ಸ್‌ನಷ್ಟು ಜಾಗ ತೆರೆಯಿತು.

ಆದರೂ ಊರಿನ ವಾಸನೆ ಹೋಗುವುದಿಲ್ಲ. 2.4ರಲ್ಲಿ ಅಮೆರಿಕದ ಯಂತ್ರಗಳು 1ರಿಂದ 11ರವರೆಗಿನ ಚಾನೆಲ್ ಬಳಸುತ್ತವೆ. ಯುರೋಪಿನಲ್ಲೂ ನಮ್ಮಲ್ಲೂ 13ರವರೆಗೆ ಹೋಗಬಹುದು. ಜಪಾನಿನಲ್ಲಿ ಮಾತ್ರ 14 ಇದೆ, ಅದರ ನಡುಬಿಂದು 2484. ನಮ್ಮ ಗಡಿ 2483.5ಕ್ಕೇ ಮುಗಿಯಿತು, ಅರ್ಧ ಮೆಗಾಹರ್ಟ್ಸ್ ಆಚೆಗೆ ಕಾಲಿಟ್ಟರೆ ಅದು ಬೇರೆಯವರ ಹೊಲ! ಮನೆಯ ರೌಟರ್ 13ರಲ್ಲಿ ನಿಂತಿದ್ದರೆ ಅಮೆರಿಕದ ಲ್ಯಾಪ್‌ಟಾಪಿಗೆ ಅದು ಕಾಣುವುದೇ ಇಲ್ಲ. ಮಗ ಲ್ಯಾಪ್‌ಟಾಪ್ ಕೆಟ್ಟಿದೆ ಎನ್ನುತ್ತಾನೆ, ಅಪ್ಪ ಇಂಟರ್ನೆಟ್ಟು ಕೆಟ್ಟಿದೆ ಎನ್ನುತ್ತಾನೆ. ಎರಡೂ ಸರಿಯಾಗಿಯೇ ಇರುತ್ತವೆ.

ಪೋರ್ಟ್ ಬ್ಲೇರ್‌ನ ಒಂದು ಬೆಳಗು

ಇಷ್ಟು ಓದಿದ ಮೇಲೆ, ಈ ಪರವಾನಗಿ ಎಂಬುದೆಲ್ಲ ಬರೀ ಕಿರಿಕಿರಿ ಅನ್ನಿಸಿದರೆ ತಪ್ಪಿಲ್ಲ. ಅದಕ್ಕೇ ನಮ್ಮ ಊರಿನ ಒಂದು ಸಂಸ್ಥೆಯ ಕಥೆ ಹೇಳಬೇಕು.

ಸೋಮಾಜಿಗುಡದಲ್ಲಿ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ನೆಲೆಯಿದೆ. 1983ರಲ್ಲಿ ಹುಟ್ಟಿದ್ದು. ಹವ್ಯಾಸಿ ರೇಡಿಯೋದವರು ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಸ್ವಂತ ಉಪಕರಣದಿಂದ ದೇಶವಿದೇಶಗಳೊಂದಿಗೆ ಮಾತಾಡುವವರು. ಪ್ರತಿಯೊಬ್ಬರಿಗೂ ಒಂದು ಕರೆಗುರುತು ಇರುತ್ತದೆ. ಭಾರತದವರದು ಸಾಮಾನ್ಯವಾಗಿ 'ವಿಯು' ಎಂದು ಶುರು. ಕೇಳಿದ ಕೂಡಲೇ ಯಾವ ದೇಶದ ಕಾನೂನಿನ ಕೆಳಗೆ ಮಾತಾಡುತ್ತಿದ್ದಾರೆಂದು ಜಗತ್ತಿಗೆ ಗೊತ್ತಾಗುತ್ತದೆ. ಬೇರೆ ದೇಶಕ್ಕೆ ಹೋದರೆ ಅಲ್ಲಿನ ಒಪ್ಪಿಗೆ ಇಲ್ಲದೆ ಮೈಕ್ ಮುಟ್ಟುವಂತಿಲ್ಲ. ತಮ್ಮದೇ ದೇಶದ ಕೆಲವು ಜಾಗಗಳಿಗೂ ಪ್ರತ್ಯೇಕ ಒಪ್ಪಿಗೆ ಬೇಕು. ಅಂಡಮಾನ್ ಅಂಥ ಜಾಗ. 1987ರಲ್ಲಿ ಅಲ್ಲಿಂದ ಮಾತಾಡಿದ್ದ ಭಾರತಿ ಪ್ರಸಾದ್ ಮತ್ತೆ ಒಪ್ಪಿಗೆ ಪಡೆಯಲು ವರ್ಷಗಟ್ಟಲೆ ಕಾಯಬೇಕಾಯಿತು. ಕೊನೆಗೆ 2004ರ ಡಿಸೆಂಬರ್‌ನಲ್ಲಿ ಈ ಸಂಸ್ಥೆಯ ತಂಡ ಅವರ ಮುಂದಾಳ್ತನದಲ್ಲಿ ಪೋರ್ಟ್ ಬ್ಲೇರ್ ಮುಟ್ಟಿತು. ವಿಯು4 ಎಂಬ ಅಪರೂಪದ ಗುರುತು ಕೇಳಿ ಜಗತ್ತಿನ ಹವ್ಯಾಸಿಗಳೆಲ್ಲ ಮುಗಿಬಿದ್ದು ಕರೆಯುತ್ತಿದ್ದರು.

ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿತು, ಸಮುದ್ರ ಎದ್ದು ಬಂತು. ಫೋನುಗಳು ಸತ್ತವು. ಸಂತೋಷಕ್ಕೆಂದು ಒಯ್ದಿದ್ದ ರೇಡಿಯೋಗಳು ಆ ಹೊತ್ತಿನಿಂದ ದ್ವೀಪಕ್ಕೂ ನೆಲನಾಡಿಗೂ ನಡುವಿನ ದಾರಿಯಾದವು. ಯಾರು ಬದುಕಿದ್ದಾರೆ, ಎಲ್ಲಿ ನೀರಿಲ್ಲ, ಎಲ್ಲಿಗೆ ಔಷಧಿ ಬೇಕು, ಈ ಸುದ್ದಿಗಳು ಹೋದವು, ಬಂದವು. ಕಾರ್ ನಿಕೋಬಾರ್‌ಗೂ ರೇಡಿಯೋ ಹೊತ್ತುಕೊಂಡು ಹೋದರು. ಒಂದು ತಿಂಗಳು ತಡವಾಗಿ ಒಪ್ಪಿಗೆ ಸಿಕ್ಕಿದ್ದರೆ? ಆ ಯಂತ್ರಗಳು ಅಂದು ಹೈದರಾಬಾದಿನ ಬೀರುವಿನಲ್ಲೇ ಇರುತ್ತಿದ್ದವು.

ಇದರ ಎದುರು ಇನ್ನೊಂದು ಚಿತ್ರವೂ ಇದೆ. ಉಪಗ್ರಹ ಫೋನು ಅನೇಕ ದೇಶಗಳಲ್ಲಿ ಚಾರಣಿಗರ ಜೀವರಕ್ಷಕ, ಅಂಗಡಿಯಲ್ಲಿ ಸಿಗುವ ವಸ್ತು. ಭಾರತದಲ್ಲಿ ಮುಂಚಿತವಾಗಿ ಅನುಮತಿ ಪಡೆಯದೆ ಅದನ್ನು ತರುವಂತಿಲ್ಲ. 2008ರ ಮುಂಬೈ ದಾಳಿಯ ಮೇಲೆ ಅದರ ಮೇಲಿನ ಕಣ್ಣು ಇನ್ನೂ ತೀಕ್ಷ್ಣವಾಯಿತು. ಏನೂ ತಿಳಿಯದೆ ಚೀಲದಲ್ಲಿ ಇಟ್ಟುಕೊಂಡು ಬಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣದಲ್ಲೇ ಬಂಧನಕ್ಕೊಳಗಾದದ್ದುಂಟು. ಹೊರಗಿನಿಂದ ಬರುವ ನೆಂಟರಿಗೆ ಈ ಮಾತನ್ನು ಮೊದಲೇ ಹೇಳಿಡಿ.

ಗಾಳಿ ಯಾರದು?

1993ರಲ್ಲಿ ಹೀರೋ ಕಪ್ ಕ್ರಿಕೆಟ್ ಪಂದ್ಯಗಳನ್ನು ಪ್ರಸಾರ ಮಾಡಲು ಬಂಗಾಳದ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಯೊಂದನ್ನು ಕರೆಸಿತು. ಅವರು ತಂದ ಉಪಕರಣವನ್ನು ಮುಂಬೈಯ ಕಸ್ಟಮ್ಸ್ ತಡೆಹಿಡಿಯಿತು. ವಿದೇಶದ ಯಂತ್ರಕ್ಕೆ ಇಲ್ಲಿ ಬಾಯಿ ತೆರೆಯುವ ಹಕ್ಕಿದೆಯೇ ಎಂಬ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿ 9ರ ತೀರ್ಪು ಜಗಳಕ್ಕಿಂತ ದೊಡ್ಡ ಮಾತು ಹೇಳಿತು: ಗಾಳಿಯ ಅಲೆಗಳು ಜನರ ಆಸ್ತಿ, ಸರ್ಕಾರದ ಏಕಸ್ವಾಮ್ಯವಲ್ಲ, ಅವನ್ನು ಜನಹಿತಕ್ಕಾಗಿ ನಿಯಂತ್ರಿಸಬೇಕು. ಖಾಸಗಿ ಎಫ್‌ಎಂ, ಸಮುದಾಯ ರೇಡಿಯೋ ಎಲ್ಲವೂ ಆಮೇಲೆ ಬಂದವು. ಆ ಎರಡು ಹಳೆಯ ಕಾಯ್ದೆಗಳ ಜಾಗಕ್ಕೆಂದು ತಂದ 2023ರ ದೂರಸಂಪರ್ಕ ಕಾಯ್ದೆ 2024ರಿಂದ ಹಂತಹಂತವಾಗಿ ಜಾರಿಗೆ ಬರುತ್ತಿದೆ.

ಹೈದರಾಬಾದಿನವರು ಎರಡನ್ನೂ ಕಂಡಿದ್ದೇವೆ. ಕಾನೂನು ಆಳುವವರ ಕೈಯ ಬೀಗವಾಗಿದ್ದ ಕಾಲವಿತ್ತು. ಅದೇ ಕಾನೂನು ಅಕ್ಕಪಕ್ಕದವರ ನಡುವಿನ ಮರ್ಯಾದೆಯೂ ಹೌದು: ನಿನ್ನ ದನಿ ನನ್ನ ದನಿಯನ್ನು ಮುಚ್ಚದಿರಲಿ, ನನ್ನದು ನಿನ್ನದನ್ನು ಮುಚ್ಚದಿರಲಿ. ಬೀಗ ಎಲ್ಲಿ, ಮರ್ಯಾದೆ ಎಲ್ಲಿ ಎಂದು ಕೇಳುತ್ತಿರುವುದು ಗಾಳಿಯ ಒಡೆಯರಾದ ನಮ್ಮ ಕೆಲಸ.

ಹೊರದೇಶದಿಂದ ಏನಾದರೂ ತರುವವರಿಗೆ ಎರಡೇ ಮಾತು. ಕೇಳುವ ಯಂತ್ರವಾದರೆ ಹೆಚ್ಚೆಂದರೆ ನಿಮಗೇ ಕೇಳಿಸದು, ಕಳಿಸುವ ಯಂತ್ರವಾದರೆ ಬೇರೆಯವರಿಗೂ ಕೇಳಿಸದಂತೆ ಮಾಡೀತು. ರೌಟರಿನಲ್ಲಿ ದೇಶ ಆರಿಸುವ ಜಾಗವಿದ್ದರೆ ಭಾರತ ಎಂದು ಆರಿಸಿ. ಕಾರ್ಡ್‌ಲೆಸ್ಸು, ವಾಕಿಟಾಕಿ ಕೊಳ್ಳುವಾಗ ನಮ್ಮ ದೇಶದ ಒಪ್ಪಿಗೆ ಪಡೆದದ್ದೇ ಎಂದು ನೋಡಿ.

ಅಪ್ಪಾಜಿಯ ರೇಡಿಯೋ ಏನಾಯಿತು ಅಂತೀರಾ? ಹುಡುಗ ಎರಡು ದಿನ ಕೂತು ಪುಸ್ತಿಕೆ ಓದಿದ. ಬ್ಯಾಟರಿ ಹಾಕುವ ಗೂಡಿನೊಳಗೆ ಒಂದು ಸಣ್ಣ ಗುಂಡಿ ಇತ್ತು. ಒಂದು ಕಡೆ 10, ಇನ್ನೊಂದು ಕಡೆ 9. ಸೂಜಿಯಿಂದ ಸರಿಸಿದ. ಆ ರಾತ್ರಿ 738 ಸ್ಪಷ್ಟವಾಗಿ ಬಂತು. ಹತ್ತು ಗಂಟೆಯ ಮೇಲೆ, ಕರಕರ ಸದ್ದಿನ ನಡುವೆ, 1107ರಲ್ಲಿ ಗುಲ್ಬರ್ಗವೂ ಬಂತು.

ಅಪ್ಪಾಜಿ ರೇಡಿಯೋವನ್ನು ಕಿವಿಗೆ ಹಚ್ಚಿಕೊಂಡು, "ಈಗ ನಮ್ಮೂರಿಂದಾತು ನೋಡು" ಎಂದರು.